ಮಾಚು ಪಿಚುಗೆ ಹೊರಡುವ ಮುನ್ನ ಗುಡಿಬಂಡೆ

ನಮ್ಮೂರಿನ ರೇಷ್ಮೆ ರೀಲರ್ ಒಬ್ಬರಿಗೆ ಪೆರು ದೇಶದ ಹುಚ್ಚು ಹತ್ತಿದೆ. ಮಗಳು ಅಮೆರಿಕದಲ್ಲಿದ್ದಾಳೆ, ಬರುವ ವರ್ಷ ಅಪ್ಪನನ್ನು ಇಂಕಾ ದಾರಿಯಲ್ಲಿ ಮಾಚು ಪಿಚುವರೆಗೆ ನಡೆಸುತ್ತಾಳಂತೆ. ‘ಬೆಂಗಳೂರಿನೋರೆಲ್ಲ ರಾತ್ರೋರಾತ್ರಿ ನಮ್ಮ ಬೆಟ್ಟಕ್ಕೆ ಬಂದು ಬೀಳ್ತಾರೆ, ನಾವು ಇನ್ನೊಬ್ಬರ ಬೆಟ್ಟಕ್ಕೆ ಹೋದರೆ ತಪ್ಪೇನು ಸಾರ್?’ ಎಂದರು. ತಪ್ಪೇನಿಲ್ಲ. ಆದರೆ ಅವರು ತೋರಿಸಿದ ಚೀಟಿಯಲ್ಲಿ ಶೂ, ಸ್ವೆಟರು, ಉಪ್ಪಿನಕಾಯಿ ಎಲ್ಲ ಇತ್ತು, ದಿನಾಂಕ ಇರಲಿಲ್ಲ.

ಇಂಕಾ ದಾರಿಯ ಲೆಕ್ಕಾಚಾರ ಶುರುವಾಗುವುದೇ ದಿನಾಂಕದಿಂದ. ಸುಮಾರು 43 ಕಿ.ಮೀ., ನಾಲ್ಕು ದಿನದ ನಡಿಗೆ. ದಿನಕ್ಕೆ 500 ಜನರಿಗಷ್ಟೇ ಪರವಾನಗಿ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಗೈಡು, ಅಡುಗೆಯವರು, ಹೊರೆ ಹೊರುವವರ ಪಾಲಿಗೆ ಹೋಗುತ್ತದೆ. ಒಬ್ಬರೇ ನುಗ್ಗುವಂತಿಲ್ಲ, ಅಧಿಕೃತ ಏಜೆನ್ಸಿಯ ಮೂಲಕವೇ ಹೋಗಬೇಕು. ಫೆಬ್ರವರಿ ಪೂರ್ತಿ ದಾರಿ ಬಂದ್. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣಹವೆ. ಇಲ್ಲಿ ನಾವು ಮಳೆಗಾಗಿ ಆಕಾಶ ನೋಡುವಾಗ ಅಲ್ಲಿ ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ. ಆ ತಿಂಗಳುಗಳ ಪರವಾನಗಿ ಬೇಕಾದರೆ ಐದಾರು ತಿಂಗಳು ಮೊದಲೇ ಕಾಯ್ದಿರಿಸಬೇಕು. ಅದರ ಮೇಲೆ ನಿಮ್ಮ ಪಾಸ್‌ಪೋರ್ಟಿನ ಸಂಖ್ಯೆ ಇರುತ್ತದೆ. ಹಳೆಯ ಪಾಸ್‌ಪೋರ್ಟ್ ಕೊಟ್ಟು ಕಾಯ್ದಿರಿಸಿ, ಆಮೇಲೆ ಹೊಸದು ಮಾಡಿಸಿಕೊಂಡು ಹೋದರೆ ಬಾಗಿಲಲ್ಲೇ ಪಂಚಾಯ್ತಿ.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಎಂದು ನಮ್ಮವರು ಗೊಣಗುವುದುಂಟು. ನಮ್ಮ ಸ್ಕಂದಗಿರಿ ಬೆಟ್ಟಕ್ಕೂ ಈಗ ಆನ್‌ಲೈನ್‌ನಲ್ಲಿ ಟಿಕೆಟ್ ಪಡೆದು, ಗೈಡ್ ಜೊತೆಗೇ ಹತ್ತಬೇಕಲ್ಲ, ಅದಕ್ಕೂ ಇದೇ ಗೊಣಗಾಟ. ಬೆಟ್ಟದ ಬುಡದ ಕಳವಾರದ ಕಡೆಯಿಂದ ರಾತ್ರಿಯಿಡೀ ಟಾರ್ಚು, ಸ್ಪೀಕರು ಹಿಡಿದು ಜನ ಹತ್ತುತ್ತಿದ್ದ ಕಾಲವನ್ನು ನೋಡಿದವನು ನಾನು. ಗೊಣಗುವವರ ಪಕ್ಷಕ್ಕೆ ನಾನಂತೂ ಸೇರುವುದಿಲ್ಲ.

ಎರಡನೆಯದು ಉಸಿರು. ಇದನ್ನು ನಮ್ಮ ಬೆಟ್ಟಗಳು ಕಲಿಸಲಾರವು. ನಂದಿ ಬೆಟ್ಟದ ಎತ್ತರ 1,478 ಮೀಟರ್. ಇಂಕಾ ದಾರಿಗೆ ಹೋಗುವವರು ಮೊದಲು ಇಳಿಯುವ ಕುಸ್ಕೊ ನಗರವೇ 3,400 ಮೀಟರ್ ಮೇಲಿದೆ. ದಾರಿಯ ಅತಿ ಎತ್ತರದ ಕಣಿವೆಬಾಯಿ, ಅಲ್ಲಿಯವರು ‘ಸತ್ತ ಹೆಂಗಸಿನ ಕಣಿವೆ’ ಎನ್ನುವುದು, 4,215 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60ರಷ್ಟು. ದಿನಾ ವಾಕಿಂಗ್ ಮಾಡುವ ಗಟ್ಟಿಗನಿಗೂ ತಲೆನೋವು, ವಾಕರಿಕೆ ಬರಬಹುದು; ಯುವಕರೆಂಬ ರಿಯಾಯಿತಿಯೂ ಇಲ್ಲ. ಹಾಗಾಗಿ ನಡಿಗೆಗೆ ಮುಂಚೆ ಎರಡು ಮೂರು ದಿನ ಕುಸ್ಕೊದಲ್ಲೋ, ಅದಕ್ಕಿಂತ ತಗ್ಗಿನ ಉರುಬಾಂಬಾ ಕಣಿವೆಯಲ್ಲೋ ಸುಮ್ಮನೆ ಕಾಲ ಕಳೆಯಬೇಕು. ರಜೆ ಸಾಲದೆಂದು ಜನ ಮೊದಲು ಕತ್ತರಿಸುವುದು ಈ ದಿನಗಳನ್ನೇ. ಬೇಕಿದ್ದರೆ ಶಾಪಿಂಗ್ ಕತ್ತರಿಸಿ. ಬಿ.ಪಿ., ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಟಿಕೆಟ್ ಮಾಡಿಸಬಾರದು. ಹೋಟೆಲಿನಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ, ಕುಡಿಯುವುದು ನಿಮ್ಮಿಷ್ಟ. ಪೊಟ್ಟಣ ಕಟ್ಟಿಕೊಂಡು ಊರಿಗೆ ಮಾತ್ರ ತರಬೇಡಿ. 1985ರ ಮಾದಕ ವಸ್ತು ಕಾಯ್ದೆಗೆ ನೀವು ಚಾರಣಿಗರೆಂಬ ದಾಕ್ಷಿಣ್ಯವಿಲ್ಲ.

ಕಾಲಿನ ಮಾತು ಬೇರೆ. ಕಾಲಿಗೆ ಬೇಕಾದ್ದೆಲ್ಲ ಇಲ್ಲೇ ಇದೆ. ಇಂಕಾ ದಾರಿಯ ಉದ್ದಕ್ಕೂ ಕಲ್ಲಿನ ಮೆಟ್ಟಿಲು. ಮಂಡಿ ಸೋಲುವುದು ಹತ್ತುವಾಗಲ್ಲ, ಇಳಿಯುವಾಗ. ಸುಲ್ತಾನ್‌ಪೇಟೆ ಕಡೆಯಿಂದ ನಂದಿಗೆ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಿವೆ. ಕಾರಿನ ರಸ್ತೆ ಬಂದ ಮೇಲೆ ಅವುಗಳ ನೆನಪು ಕೆಲವರಿಗಷ್ಟೇ ಉಳಿದಿದೆ. ಬೆನ್ನಿಗೆ ಚೀಲ ಹಾಕಿ ಹತ್ತಿ, ನಡೆದೇ ಇಳಿಯಿರಿ. ಬಸ್ಸಿನಲ್ಲಿ ಇಳಿದರೆ ಅಭ್ಯಾಸ ಅರ್ಧವೇ ಆಯಿತು.

ಇನ್ನು ಕಣ್ಣು. ನನಗೆ ಇದೇ ಮುಖ್ಯ. ಅಷ್ಟು ದೂರ ಹೋಗಿ ‘ಹಳೇ ಕಲ್ಲು, ಫೋಟೊ ಚೆನ್ನಾಗಿ ಬಂತು’ ಎಂದು ವಾಪಸಾದವರನ್ನು ಕಂಡಿದ್ದೇನೆ. ಹಾಳು ಕೋಟೆಯನ್ನು ನೋಡುವುದಕ್ಕೊಂದು ಜಾಡು ಬೇಕು, ಬೆಟ್ಟದ ಮೇಲಾದರೆ ಆ ಜಾಡು ನೀರು. ಶತ್ರುವಿಗೆ ಹೆದರದ ಪಾಳೆಯಗಾರನೂ ನೀರು ಬತ್ತಿದರೆ ಕೆಳಗಿಳಿಯಲೇಬೇಕಿತ್ತು. ಗುಡಿಬಂಡೆಗೆ ಹೋಗಿ ನೋಡಿ. ಪಾಳೆಯಗಾರ ಹಾವಳಿ ಬೈರೇಗೌಡನ ಕೋಟೆ. ಕೆಳಗೆ ಅಮಾನಿ ಬೈರಸಾಗರ ಕೆರೆ, ಭಾರತದ ಭೂಪಟದಂತೆ ಕಾಣುತ್ತದೆಂದು ಅಲ್ಲಿಯವರ ಹೆಮ್ಮೆ. ಹೋದವರೆಲ್ಲ ಆ ಕೆರೆಯನ್ನೇ ನೋಡುತ್ತಾರೆ. ನೀವು ಬಂಡೆ ನೋಡಿ. ಬಿದ್ದ ಮಳೆ ಬಂಡೆಯ ಮೇಲೆ ಜಾರಿ ಒಂದು ದೊಣೆ ತುಂಬಿ, ಅದು ಉಕ್ಕಿದರೆ ಕೆಳಗಿನ ಇನ್ನೊಂದಕ್ಕೆ ಇಳಿಯುವಂತೆ ಮಾಡಿದ್ದಾರೆ. ಇಂಥವು 19 ಇವೆ ಎನ್ನುತ್ತಾರೆ. ಗೋಡೆ ಎಲ್ಲಿ ಬಂಡೆಯನ್ನೇ ಅಡಿಪಾಯ ಮಾಡಿಕೊಂಡಿದೆ, ಎಲ್ಲಿ ಬಂಡೆಯೇ ಗೋಡೆಯಾಗಿದೆ ಎನ್ನುವುದನ್ನೂ ಬಾಗಿಲಿಂದ ಬಾಗಿಲಿಗೆ ನೋಡುತ್ತ ಹೋಗಬೇಕು.

ಮಾಚು ಪಿಚುವಿನಲ್ಲೂ ಇದೇ ಬುದ್ಧಿ ಕೆಲಸ ಮಾಡಿದೆ. 1450ರ ಸುಮಾರಿಗೆ ಪಚಕುತಿ ದೊರೆಯ ಕಾಲದಲ್ಲಿ ಕಟ್ಟಿದ ಊರದು. ಬೆಟ್ಟದ ಮಗ್ಗುಲಿನ ಒರತೆಯಿಂದ 749 ಮೀಟರ್ ಉದ್ದದ ಕಲ್ಲುಕಾಲುವೆ, ಅದರ ನೀರು 16 ಹರಿನೀರಿನ ತೊಟ್ಟಿಗಳಲ್ಲಿ ಒಂದರಿಂದೊಂದಕ್ಕೆ ಇಳಿಯುತ್ತದೆ. ಮೊದಲ ತೊಟ್ಟಿ ಅರಸನ ಮನೆಯ ಬಳಿ, ಉಳಿದವರ ಸರದಿ ಆಮೇಲೆ. ಗುಡಿಬಂಡೆ ಆಕಾಶದ ನೀರನ್ನು ನಂಬಿತು, ಮಾಚು ಪಿಚು ಒರತೆಯನ್ನು. ಕಲ್ಲು ಎರಡೂ ಕಡೆ ಗ್ರಾನೈಟೇ. ವಯಸ್ಸಿನಲ್ಲಿ ನಮ್ಮ ನಂದಿ ಸಾಲಿನದು ಹತ್ತು ಪಟ್ಟು ಹಿರಿಯದು, ಸುಮಾರು 250 ಕೋಟಿ ವರ್ಷದ್ದು. ಅಲ್ಲಿಯ ಕಲ್ಲುಕುಟಿಗರು ಗಾರೆಯಿಲ್ಲದೆ, ಸಂದಿ ಕಾಣದಂತೆ ಕೂರಿಸಿದ ಗೋಡೆಗಳ ಮುಂದೆ ಮಾತ್ರ ನಮ್ಮ ಕೋಟೆಗಳು ಒರಟು. ಇದನ್ನು ಒಪ್ಪಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. 1911ರ ಜುಲೈನಲ್ಲಿ ಅಮೆರಿಕದ ಹೈರಂ ಬಿಂಗಮ್ ಮಾಚು ಪಿಚುವನ್ನು ‘ಕಂಡುಹಿಡಿದ’ ಎಂದು ಬರೆಯುತ್ತಾರೆ. ಅವನು ಹೋದಾಗ ಅಲ್ಲಿ ರೈತರ ಮನೆಗಳಿದ್ದವು, ಅಟ್ಟಣೆ ಹೊಲಗಳಲ್ಲಿ ಬೆಳೆ ಇತ್ತು. ಅವನಿಗೆ ದಾರಿ ತೋರಿಸಿದ್ದೂ ಅವರ ಮನೆಯ ಹುಡುಗನೇ.

ದಾರಿ ಗೊತ್ತಿರುವುದು ಅಲ್ಲಿಯವರಿಗೇ. ಆದ್ದರಿಂದ ಏಜೆನ್ಸಿ ಆರಿಸುವಾಗ ಊಟದ ಮೆನುವಿಗಿಂತ ಮೊದಲು ಗೈಡ್ ಯಾರೆಂದು ಕೇಳಿ, ಒಂದು ಗುಂಪಿಗೆ ಎಷ್ಟು ಜನ ಎಂದು ಕೇಳಿ. ಹೊರೆಯಾಳಿನ ಬೆನ್ನಿಗೆ 20 ಕಿಲೋಗಿಂತ ಹೆಚ್ಚು ಹೇರಬಾರದೆಂದು ಪೆರುವಿನ ಕಾನೂನು ಇದೆ. ತೂಕ ಹಾಕುತ್ತಾರೋ, ಆ ಜನಕ್ಕೆ ರಾತ್ರಿ ಡೇರೆ ಇರುತ್ತದೋ ವಿಚಾರಿಸಿ. ಉತ್ತರ ತಡವರಿಸಿದರೆ ಬೇರೆ ಏಜೆನ್ಸಿ ನೋಡಿ, ರೇಟು ಎಷ್ಟೇ ಅಗ್ಗವಿರಲಿ.

ನಮ್ಮ ರೀಲರ್ ಈಗ ಮೂರು ಜಾಗಗಳ ಚೀಟಿ ಬರೆದುಕೊಂಡಿದ್ದಾರೆ: ನಂದಿಯ ಮೆಟ್ಟಿಲು, ಸ್ಕಂದಗಿರಿ, ಗುಡಿಬಂಡೆ. ನಾಲ್ಕನೆಯದಾಗಿ ಚಿಂತಾಮಣಿ ಕಡೆಯ ಅಂಬಾಜಿದುರ್ಗ ಸೇರಿಸಿ ಎಂದಿದ್ದೇನೆ. ಉಪ್ಪಿನಕಾಯಿಯ ವಿಷಯ ಅವರ ಮಗಳಿಗೆ ಬಿಟ್ಟದ್ದು.