ಮತದಾನಕ್ಕೆ ಮುನ್ನ ಬಿಚ್ಚಿಡುವ ಲೆಕ್ಕ

ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಯಲ್ಲಿ ನಾವು ಮೊದಲು ನೋಡುವುದು ಅದರ ಗಾತ್ರ, ಆಮೇಲೆ ನಮ್ಮ ಜಿಲ್ಲೆಗೆ ಸಿಕ್ಕಿದ್ದೇನು ಎಂಬುದು. ಸರ್ಕಾರದ ಹಣಕಾಸು ಗಟ್ಟಿಯಾಗಿದೆಯೇ ಎಂಬುದು ಇವೆರಡರಿಂದಲೂ ತಿಳಿಯದು. ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಸರ್ಕಾರ ಕೊಡಬೇಕಾದ ಬಾಕಿ ಎಷ್ಟು? ಆ ಲೆಕ್ಕಕ್ಕೆ ಸಹಿ ಹಾಕಿದವರು ಯಾರು? ಅದು ಮತದಾರನ ಕೈಗೆ ಬಂದದ್ದು ಯಾವಾಗ? ಈ ಮೂರಕ್ಕೂ ಕಾನೂನಿನಲ್ಲೇ ಉತ್ತರ ಬರೆದಿಟ್ಟುಕೊಂಡ ದೇಶ ನ್ಯೂಜಿಲೆಂಡ್. ಅದರ ಜನಸಂಖ್ಯೆ ಬೆಂಗಳೂರಿಗಿಂತ ಕಡಿಮೆ. ಪ್ರಾಂತ್ಯ ಸರ್ಕಾರಗಳನ್ನು ಅಲ್ಲಿ 1876ರಲ್ಲೇ ರದ್ದು ಮಾಡಿದ್ದರಿಂದ ಶಾಲೆ, ಆಸ್ಪತ್ರೆ, ಪೊಲೀಸ್ ಎಲ್ಲವೂ ವೆಲ್ಲಿಂಗ್ಟನ್ನಿನ ಹೊಣೆ. ನಮ್ಮ ರಾಜ್ಯ ಸರ್ಕಾರ ಮಾಡುವ ಬಹುಪಾಲು ಕೆಲಸ ಅಲ್ಲಿನ ಬಜೆಟ್ಟಿನೊಳಗಿದೆ. ಹಾಗಾಗಿ ಆ ಪದ್ಧತಿಯ ಗುಣದೋಷಗಳನ್ನು ತೂಗಿ ನೋಡುವುದು ಕರ್ನಾಟಕದವರಿಗೂ ಉಪಯುಕ್ತ.

ಆ ಪದ್ಧತಿ ಹುಟ್ಟಿದ್ದು ಒಂದು ಕಹಿ ಅನುಭವದಿಂದ. 1990ರ ಅಕ್ಟೋಬರ್ ಚುನಾವಣೆಗೆ ಮುನ್ನ ಲೇಬರ್ ಸರ್ಕಾರ ಬೊಕ್ಕಸ ಸರಿದಾರಿಯಲ್ಲಿದೆ ಎಂದಿತ್ತು. ಗೆದ್ದು ಬಂದ ನ್ಯಾಷನಲ್ ಪಕ್ಷಕ್ಕೆ ಕಂಡದ್ದು ದೊಡ್ಡ ಕೊರತೆ. ಜೊತೆಗೆ ಮುಳುಗುತ್ತಿದ್ದ ಬ್ಯಾಂಕ್ ಆಫ್ ನ್ಯೂಜಿಲೆಂಡ್‌ಗೆ ಕೆಲವೇ ದಿನಗಳಲ್ಲಿ 62 ಕೋಟಿ ಡಾಲರ್ ತುಂಬಬೇಕಾಯಿತು. ಹಣಕಾಸು ಸಚಿವೆ ರೂತ್ ರಿಚರ್ಡ್‌ಸನ್ ಅವರ ಕಾಲದಲ್ಲಿ, 1991ರ ಏಪ್ರಿಲ್‌ನಿಂದ, ನಿರುದ್ಯೋಗಿಗಳ ಮತ್ತು ಒಂಟಿ ಪೋಷಕರ ಭತ್ಯೆ ಕಡಿತವಾಯಿತು. ಮತ ಹಾಕುವಾಗ ಜನರಿಗೆ ಗೊತ್ತಿಲ್ಲದಿದ್ದ ಲೆಕ್ಕದ ಬೆಲೆಯನ್ನು ಕೊನೆಗೆ ತೆತ್ತವರು ಬಡವರು. ಅದೇ ರಿಚರ್ಡ್‌ಸನ್ ಸಚಿವ ಸ್ಥಾನದಿಂದ ಇಳಿದ ಮೇಲೂ ಪಟ್ಟು ಹಿಡಿದು ರೂಪಿಸಿದ ವಿತ್ತೀಯ ಹೊಣೆಗಾರಿಕೆ ಕಾಯ್ದೆ 1994ರಲ್ಲಿ ಜಾರಿಗೆ ಬಂತು. ಅದರ ಅಂಶಗಳು ಈಗ ಅಲ್ಲಿನ ಸಾರ್ವಜನಿಕ ಹಣಕಾಸು ಕಾಯ್ದೆಯೊಳಗೆ ಸೇರಿವೆ.

ಕಾಯ್ದೆಯ ಜೀವಾಳ ಚುನಾವಣಾಪೂರ್ವ ಹಣಕಾಸು ವರದಿ. ಮತದಾನಕ್ಕೆ 20ರಿಂದ 30 ಕೆಲಸದ ದಿನಗಳ ಮೊದಲು ಖಜಾನೆ ಇಲಾಖೆ ಇದನ್ನು ಪ್ರಕಟಿಸಲೇಬೇಕು. ಸರ್ಕಾರದ ಎಲ್ಲ ತೀರ್ಮಾನಗಳನ್ನೂ ಇಲಾಖೆಗೆ ತಿಳಿಸಿದ್ದೇನೆ ಎಂದು ಸಚಿವರು ಸಹಿ ಹಾಕುತ್ತಾರೆ. ಅಂದಾಜುಗಳನ್ನು ನಮ್ಮ ವೃತ್ತಿಪರ ವಿವೇಚನೆಯಂತೆ ಮಾಡಿದ್ದೇವೆ ಎಂದು ಖಜಾನೆ ಕಾರ್ಯದರ್ಶಿ ಸಹಿ ಹಾಕುತ್ತಾರೆ. ಈ ಜೋಡಿ ಸಹಿಯಲ್ಲೇ ಇಡೀ ವ್ಯವಸ್ಥೆಯ ಸತ್ವವಿದೆ ಎಂದು ನನ್ನ ನಂಬಿಕೆ. ಸಚಿವರು ಮುಚ್ಚಿಡುವಂತಿಲ್ಲ, ಅಧಿಕಾರಿ ಅವರ ಮರ್ಜಿಗೆ ತಕ್ಕಂತೆ ಅಂಕಿ ತಿದ್ದುವಂತಿಲ್ಲ.

ಅದರ ಫಲ ಎರಡು ಚುನಾವಣೆಗಳಲ್ಲಿ ಸ್ಪಷ್ಟವಾಗಿ ಕಂಡಿತು. 2017ರಲ್ಲಿ ಹಣಕಾಸು ಸಚಿವ ಸ್ಟೀವನ್ ಜಾಯ್ಸ್, ಲೇಬರ್ ಪಕ್ಷದ ಯೋಜನೆಯಲ್ಲಿ 1,170 ಕೋಟಿ ಡಾಲರ್‌ಗಳ ತೂತಿದೆ ಎಂದು ಆರೋಪಿಸಿದರು. ಎಲ್ಲರ ಮುಂದೆಯೂ ಒಂದೇ ಅಧಿಕೃತ ಲೆಕ್ಕ ಇದ್ದುದರಿಂದ ಅರ್ಥಶಾಸ್ತ್ರಜ್ಞರು ಆರೋಪವನ್ನು ಪರಿಶೀಲಿಸಬಲ್ಲವರಾದರು. ಅಂಥ ತೂತಿಲ್ಲವೆಂದು ಬಹುತೇಕರು ಹೇಳಿದರು. 2023ರ ಸೆಪ್ಟೆಂಬರ್ 12ರ ವರದಿಯಂತೂ, ಬಜೆಟ್ ಉಳಿತಾಯಕ್ಕೆ ಮರಳುವುದು ಇನ್ನೂ ಒಂದು ವರ್ಷ ತಡವಾಗುತ್ತದೆ ಎಂದಿತು. ಅಧಿಕಾರದಲ್ಲಿದ್ದ ಲೇಬರ್ ಪಕ್ಷ ಅಕ್ಟೋಬರ್ 14ರ ಮತದಾನಕ್ಕೆ ಆ ಸುದ್ದಿ ಹೊತ್ತುಕೊಂಡೇ ಹೋಗಿ ಸೋತಿತು. ತನಗೆ ನಷ್ಟವಾಗುವ ಸತ್ಯವನ್ನು ಸರ್ಕಾರದ ಬಾಯಿಂದಲೇ ಹೇಳಿಸುವ ಕಾನೂನು ಪ್ರಜಾಪ್ರಭುತ್ವಕ್ಕೆ ಸಿಕ್ಕ ದೊಡ್ಡ ಬಲ.

ಇನ್ನೊಂದು ಗುಣ ಲೆಕ್ಕ ಇಡುವ ರೀತಿಯದು. ನಗದು ಲೆಕ್ಕದಲ್ಲಿ ಹಣ ಕೈಬದಲಾದಾಗ ಮಾತ್ರ ಖರ್ಚು ಕಾಣುತ್ತದೆ. ಗಲ್ಲಾಪೆಟ್ಟಿಗೆ ಎಣಿಸಿ ಉದ್ರಿ ಪುಸ್ತಕವನ್ನು ಮುಚ್ಚಿಟ್ಟ ಅಂಗಡಿಯವನ ಲೆಕ್ಕದ ಹಾಗೆ. ನ್ಯೂಜಿಲೆಂಡ್ 1989ರ ಸಾರ್ವಜನಿಕ ಹಣಕಾಸು ಕಾಯ್ದೆಯಿಂದ ಇದನ್ನು ಬಿಟ್ಟು, 1990ರ ದಶಕದ ಆರಂಭದಲ್ಲೇ ಇಡೀ ಸರ್ಕಾರದ ಆಸ್ತಿ ಮತ್ತು ಹೊಣೆಗಳ ಪಟ್ಟಿ ಪ್ರಕಟಿಸತೊಡಗಿತು. 1974ರಲ್ಲಿ ಶುರುವಾದ ಅಪಘಾತ ಪರಿಹಾರ ಯೋಜನೆ, ಎಸಿಸಿ, ಇದಕ್ಕೆ ಒಳ್ಳೆಯ ಉದಾಹರಣೆ. ಈ ವರ್ಷ ಬೆನ್ನುಮೂಳೆ ಮುರಿದುಕೊಂಡವರಿಗೆ ಮುಂದಿನ ಹಲವು ದಶಕಗಳಲ್ಲಿ ತಗಲುವ ವೆಚ್ಚವನ್ನು ಅಂದಾಜು ಮಾಡಿ ಇಂದೇ ಹೊಣೆಯೆಂದು ಬರೆದುಕೊಳ್ಳುತ್ತಾರೆ.

ಇಷ್ಟು ಹೊಗಳಿದ ಮೇಲೆ ದೋಷಗಳನ್ನೂ ಅಷ್ಟೇ ನಿಷ್ಠುರವಾಗಿ ಹೇಳಬೇಕು. ಮೊದಲನೆಯದು, ಅಳತೆಗೋಲನ್ನೇ ಬದಲಿಸುವ ಚಟ. 2022ರಲ್ಲಿ ಲೇಬರ್ ಸರ್ಕಾರದ ಹಣಕಾಸು ಸಚಿವ ಗ್ರಾಂಟ್ ರಾಬರ್ಟ್‌ಸನ್ ನಿವ್ವಳ ಸಾಲದ ಹೊಸ ಅಳತೆ ತಂದು, ಭವಿಷ್ಯದ ಪಿಂಚಣಿಗಾಗಿ ಕೂಡಿಟ್ಟ ಸೂಪರ್ ಫಂಡ್ ಹಣವನ್ನು ಅದರಲ್ಲಿ ಕಳೆದರು. ಸಾಲ ಕಾಗದದ ಮೇಲೆ ಒಮ್ಮೆಲೇ ಕಡಿಮೆಯಾಯಿತು, ಮಿತಿ ಜಿಡಿಪಿಯ ಶೇ. 30 ಎಂದಾಯಿತು. 2024ರ ಡಿಸೆಂಬರ್‌ನಲ್ಲಿ ನ್ಯಾಷನಲ್ ಪಕ್ಷದ ಹಣಕಾಸು ಸಚಿವೆ ನಿಕೋಲಾ ವಿಲ್ಲಿಸ್ ಬಜೆಟ್ ಕೊರತೆಯ ಅಳತೆಯಿಂದ ಎಸಿಸಿಯನ್ನು ಹೊರಗಿಟ್ಟರು. ದಶಕಗಳ ಹೊಣೆಯನ್ನು ಪ್ರಾಮಾಣಿಕವಾಗಿ ಬರೆದಿಟ್ಟ ಲೆಕ್ಕವೇ ಉಳಿತಾಯದ ಗುರಿಗೆ ಅಡ್ಡಿಯಾದಾಗ ಅದನ್ನು ಬದಿಗೆ ಸರಿಸಿದಂತಾಯಿತು. ಎರಡೂ ಬದಲಾವಣೆಗಳಿಗೆ ತಾಂತ್ರಿಕ ಸಮರ್ಥನೆ ಇದೆ. ಆದರೆ ಎರಡೂ ಅಧಿಕಾರದಲ್ಲಿದ್ದವರಿಗೆ ಅನುಕೂಲವಾಗುವ ದಿಕ್ಕಿನಲ್ಲೇ ನಡೆದವು. ಆ ದೇಶದ ಪುಣ್ಯಕ್ಕೆ ಖಜಾನೆ ಇಲಾಖೆ ಹಳೆಯ ಅಳತೆಯ ಅಂಕಿಗಳನ್ನೂ ಪ್ರಕಟಿಸುತ್ತಿದೆ.

ಎರಡನೆಯದು, ತಾತ್ಕಾಲಿಕ ಅನುದಾನದ ಸಂದಿ. ಚುನಾವಣಾಪೂರ್ವ ವರದಿಯಲ್ಲಿ ಬರುವುದು ಆಗಿರುವ ತೀರ್ಮಾನಗಳು ಮಾತ್ರ. ನಿಲ್ಲಿಸಲಾಗದ ಯೋಜನೆಗೂ ಒಂದೆರಡು ವರ್ಷಕ್ಕಷ್ಟೇ ಹಣ ಬರೆದರೆ ಮುಂದಿನ ಅಂದಾಜು ಹಗುರಾಗಿ ಕಾಣುತ್ತದೆ. ಔಷಧಿ ಖರೀದಿ ಸಂಸ್ಥೆ ಫಾರ್ಮ್ಯಾಕ್‌ನ ಹೆಚ್ಚುವರಿ ಅನುದಾನ 2024ರ ಜೂನ್‌ಗೆ ಮುಗಿಯುವಂತಿತ್ತು. ಔಷಧಿ ನಿಲ್ಲಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲವಾದ್ದರಿಂದ ಹೊಸ ಸರ್ಕಾರ ನಾಲ್ಕು ವರ್ಷಗಳಿಗೆ ಸುಮಾರು 177 ಕೋಟಿ ಡಾಲರ್ ಹೊಂದಿಸಿತು.

ಮೂರನೆಯದು ಇವೆಲ್ಲಕ್ಕಿಂತ ಆಳದ್ದು. ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ಖಜಾನೆ ಇಲಾಖೆ ಮುಂದಿನ 40 ವರ್ಷಗಳ ಹಣಕಾಸು ಹೇಗಿರಬಹುದೆಂದು ಹೇಳಬೇಕು. 2006ರ ಮೊದಲ ವರದಿಯಿಂದಲೂ ಎಚ್ಚರಿಕೆ ಒಂದೇ: ಜನಕ್ಕೆ ವಯಸ್ಸಾಗುತ್ತಿದೆ, ಪಿಂಚಣಿ ಮತ್ತು ಆರೋಗ್ಯದ ವೆಚ್ಚ ಆದಾಯವನ್ನು ಮೀರಲಿದೆ. ಆದರೂ ಎಲ್ಲರಿಗೂ 65ಕ್ಕೆ ಪಿಂಚಣಿ ಎಂಬ ನಿಯಮ ಕದಲಿಲ್ಲ. ವಯಸ್ಸನ್ನೇ ಏರಿಸಬೇಕೆಂದೇನಿಲ್ಲ, ತೆರಿಗೆ ಏರಿಸಿಯೂ ನಿಭಾಯಿಸಬಹುದು; ಪಕ್ಷಗಳು ಆಗಾಗ ಪ್ರಸ್ತಾಪ ಮಾಡಿದ್ದುಂಟು, ಆದರೆ ಎರಡರಲ್ಲೊಂದನ್ನು ಆರಿಸಿ ಜಾರಿಗೆ ತರುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿಲ್ಲ. ಲೆಕ್ಕ ತೆರೆದಿಟ್ಟರೆ ಸುಳ್ಳು ಕಷ್ಟವಾಗುತ್ತದೆಯೇ ಹೊರತು ತೀರ್ಮಾನ ಸುಲಭವಾಗುವುದಿಲ್ಲ.

ಈಗ ಕರ್ನಾಟಕಕ್ಕೆ ಬರೋಣ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ, ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಸಿದ್ದರಾಮಯ್ಯನವರು 2025ರ ಮಾರ್ಚ್ 7ರಂದು ಮಂಡಿಸಿದ 4,09,549 ಕೋಟಿ ರೂಪಾಯಿಗಳ ಬಜೆಟ್‌ನಲ್ಲಿ ವಿತ್ತೀಯ ಕೊರತೆ ರಾಜ್ಯದ ಉತ್ಪನ್ನದ ಶೇ. 2.95, ಒಟ್ಟು ಹೊಣೆ ಶೇ. 24.91. ಮಿತಿಗಳು ಕ್ರಮವಾಗಿ ಶೇ. 3 ಮತ್ತು ಶೇ. 25. ಎರಡೂ ಗೆರೆಗೆ ತಾಗಿಕೊಂಡೇ ನಿಂತಿವೆ. ರಾಜಸ್ವ ಖಾತೆಯಲ್ಲಿ ಮಾತ್ರ 19,262 ಕೋಟಿ ಕೊರತೆ. ಅಂದರೆ ದಿನನಿತ್ಯದ ಖರ್ಚಿನ ಒಂದು ಭಾಗಕ್ಕೂ ಸಾಲ. ಇಷ್ಟನ್ನು ಬಜೆಟ್ ಪುಸ್ತಕಗಳೇ ಹೇಳುತ್ತವೆ. ಅವು ಹೇಳದಿರುವುದು, ಮುಗಿದ ಕಾಮಗಾರಿಗಳಿಗೆ ಪಾವತಿಯಾಗದ ಬಿಲ್ಲುಗಳ ಮೊತ್ತವನ್ನು. ಗುತ್ತಿಗೆದಾರರ ಸಂಘ ಒಂದು ಮೊತ್ತ ಹೇಳುತ್ತದೆ, ಸರ್ಕಾರ ಇನ್ನೊಂದು. ಪಕ್ಷ ಯಾವುದೇ ಇರಲಿ, ಈ ಜಗಳ ಮುಗಿದಿಲ್ಲ. ನಗದು ಲೆಕ್ಕದಲ್ಲಿ ಬಿಲ್ ತಡೆಹಿಡಿದಷ್ಟೂ ಕೊರತೆ ಚಿಕ್ಕದಾಗಿ ಕಾಣುತ್ತದೆ. ಅದರ ಭಾರ ಸಾಲ ಮಾಡಿ ರಸ್ತೆ ಹಾಕಿದ ಸಣ್ಣ ಗುತ್ತಿಗೆದಾರನ ಮೇಲೆ ಬೀಳುತ್ತದೆ.

ಸರ್ಕಾರಿ ಲೆಕ್ಕದ ನಮೂನೆಯನ್ನು ಸಂವಿಧಾನದ 150ನೇ ವಿಧಿಯಂತೆ ಮಹಾಲೇಖಪಾಲರ ಸಲಹೆಯ ಮೇರೆಗೆ ರಾಷ್ಟ್ರಪತಿಗಳು ನಿಗದಿ ಮಾಡುತ್ತಾರೆ. ರಾಜ್ಯ ಒಂಟಿಯಾಗಿ ಬದಲಿಸಲಾಗದು. ಆದರೆ ಬಾಕಿಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಪ್ರಕಟಿಸಲು ಯಾರ ಅಡ್ಡಿಯೂ ಇಲ್ಲ. 2006ರ ನಿಯಮಗಳಡಿ ನಮ್ಮ ಪುರಸಭೆ, ನಗರಸಭೆಗಳು ಬಾಕಿಯನ್ನೂ ಒಳಗೊಂಡ ಜೋಡಿ ನಮೂದಿನ ಲೆಕ್ಕ ಇಡಬೇಕು. ಊರಿನ ಪುರಸಭೆಗೆ ವಿಧಿಸಿದ ಶಿಸ್ತನ್ನು ವಿಧಾನಸೌಧವೂ ಪಾಲಿಸಬೇಕಲ್ಲವೇ?

ನ್ಯೂಜಿಲೆಂಡಿನಿಂದ ನಾವು ಎರವಲು ತರಬೇಕಾದದ್ದು ಎರಡೇ ಸಂಗತಿ. 2028ರ ವಿಧಾನಸಭಾ ಚುನಾವಣೆಗೆ ಕನಿಷ್ಠ ಒಂದು ತಿಂಗಳ ಮೊದಲು ರಾಜ್ಯದ ಹಣಕಾಸು ಸ್ಥಿತಿಯ ವರದಿ ಬರಲಿ; ಇಲಾಖಾವಾರು ಬಿಲ್ ಬಾಕಿ ಅದರಲ್ಲಿರಲಿ; ಹಣಕಾಸು ಕಾರ್ಯದರ್ಶಿ ಮತ್ತು ಸಚಿವರು ಇಬ್ಬರೂ ಸಹಿ ಹಾಕಲಿ. ಲೆಕ್ಕದ ಅಳತೆಗೋಲು ಬದಲಾದರೆ, ಹಳೆಯದರ ಅಂಕಿಯನ್ನೂ ಪಕ್ಕದಲ್ಲೇ ಕೊಡುವುದು ಕಡ್ಡಾಯವಾಗಲಿ. ಇದಕ್ಕೆ ಹೊಸ ಸಂಸ್ಥೆ ಬೇಡ, ದೊಡ್ಡ ಖರ್ಚೂ ಬೇಡ; 2002ರ ಕಾಯ್ದೆಗೆ ಒಂದು ತಿದ್ದುಪಡಿ ಸಾಕು. ಪ್ರಣಾಳಿಕೆಗಳಲ್ಲಿ ಪಕ್ಷಗಳು ಏನು ಬೇಕಾದರೂ ಭರವಸೆ ಕೊಡಲಿ. ಅದಕ್ಕೆ ಹಣ ಇದೆಯೋ ಇಲ್ಲವೋ ಎಂಬುದು ಮತ ಹಾಕುವ ಮೊದಲೇ ಗೊತ್ತಾಗುವುದು ಮತದಾರನ ಹಕ್ಕು.