ನೋಟ ಬಲ್ಲವರ ಮನೆ

ಸುರಪುರ ನೋಡಲು ಬಂದವರು ಊರೊಳಗೆ ಸುತ್ತಿ ಹೋಗುತ್ತಾರೆ. ಊರು ನಿಜವಾಗಿ ಕಾಣಬೇಕೆಂದರೆ ಟೇಲರ್ ಮಂಜಿಲ್ ಇರುವ ಗುಡ್ಡ ಹತ್ತಬೇಕು.

ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದವನು. ಬಾಲಕ ದೊರೆ ವೆಂಕಟಪ್ಪ ನಾಯಕನ ಸಂಸ್ಥಾನದ ಉಸ್ತುವಾರಿ 1853ರವರೆಗೆ ಆತನ ಕೈಯಲ್ಲಿತ್ತು. ಕಾದಂಬರಿ ಬರೆಯುತ್ತಿದ್ದ, ಚಿತ್ರವನ್ನೂ ಬರೆಯುತ್ತಿದ್ದ. ಮನೆಗೆ ಆತ ಆರಿಸಿದ ಜಾಗದಲ್ಲಿ ಆ ಚಿತ್ರಗಾರನ ಕಣ್ಣು ಎದ್ದು ಕಾಣುತ್ತದೆ. ಕೆಳಗೆ ಬೆಟ್ಟಗಳ ಮಡಿಲಲ್ಲಿ ಊರು, ಮನೆಗಳ ನಡುನಡುವೆ ತಲೆಯೆತ್ತಿದ ಗುಂಡುಬಂಡೆಗಳು, ಅವುಗಳಾಚೆ ಬಯಲು. ನಮ್ಮ ಸೀಮೆಯ ಬಿಸಿಲಿಗೆ ಎತ್ತರದ ಮನೆ ಕೊಡುವುದು ನೋಟವನ್ನಷ್ಟೇ ಅಲ್ಲ, ಗಾಳಿಯನ್ನೂ. ಎರಡೂ ಒಂದೇ ಕಿಟಕಿಯಲ್ಲಿ ಒಳಗೆ ಬರಬೇಕು. ಇಲ್ಲದಿದ್ದರೆ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಕೂರುವವರೇ ಹೆಚ್ಚು.

ಆದರೆ ಆಳುವವನೂ ಎತ್ತರದಲ್ಲೇ ಕೂರುತ್ತಾನೆ ಎಂಬುದನ್ನು ಅಲ್ಲಿ ನಿಂತಾಗ ಮರೆಯಲಾಗದು. ಟೇಲರನನ್ನು ‘ಅಪ್ಪಾ’ ಎನ್ನುತ್ತಿದ್ದ ಹುಡುಗನೇ ಬೆಳೆದು ಬ್ರಿಟಿಷರ ಮೇಲೆ ಬಂಡೆದ್ದ. 1858ರಲ್ಲಿ, ಸೆರೆಯಲ್ಲಿದ್ದಾಗಲೇ, ಗುಂಡೇಟಿನಿಂದ ಸತ್ತ. ಆ ಗುಡ್ಡದಿಂದ ಊರನ್ನು ನೋಡುವಾಗ ನನಗೆ ಈ ಹುಡುಗ ನೆನಪಾಗದೆ ಇರುವುದಿಲ್ಲ.

ಯಾದಗಿರಿ ಕೋಟೆಯ ಬುರುಜುಗಳದು ಬೇರೆ ಬಗೆ. ವಿಜಯಪುರದ ಉಪ್ಪಲಿ ಬುರುಜಿನಂತೆ ಅವೂ ವೈರಿಯ ದಾರಿ ಕಾಯಲು ಎದ್ದವು. ಇಂದು ಅಲ್ಲಿಗೆ ನಾವು ಸಂಜೆ ನೋಡಲು ಹತ್ತುತ್ತೇವೆ. ಬರೀ ನೋಟದ ಸುಖಕ್ಕೆಂದೇ ಆಗಿರುವುದು, ನನ್ನ ಎಣಿಕೆಯಲ್ಲಿ, ಮುದನಾಳದಂಥ ಊರುಗಳ ಮಣ್ಣಿನ ಮಾಳಿಗೆ. ಕಾಳು ಒಣಗಿಸಲು, ಬೇಸಿಗೆಯಲ್ಲಿ ಮಲಗಲು ಅದು ಬೇಕು, ನಿಜ. ಆದರೆ ಹೊತ್ತು ಇಳಿದ ಮೇಲೆ ಮೊಣಕಾಲೆತ್ತರದ ಗೋಡೆಯಂಚಿಗೆ ಬೆನ್ನು ಕೊಟ್ಟು ಕೂತು, ಕಾಲಡಿಯ ಮಣ್ಣಿನ್ನೂ ಬೆಚ್ಚಗಿರುವಾಗ ಹೊಲದ ಕಡೆ ನೋಡುತ್ತಾ ಮಾತಾಡುವವರಿಗೆ ಯಾವ ಕೆಲಸವೂ ಇರುವುದಿಲ್ಲ. ಈಗಿನ ಆರ್‌ಸಿಸಿ ಮನೆಗಳ ಮೇಲೆ ನೀರಿನ ಟಾಕಿ ಕೂತಿದೆ. ಮನುಷ್ಯರು ಕೂರಲು ಜಾಗ ಬಿಡುವವರು ಕಡಿಮೆ.

ಶಹಾಪುರದ ‘ಮಲಗಿದ ಬುದ್ಧ’ನ ಮಾತಂತೂ ಇನ್ನೂ ಸೂಕ್ಷ್ಮ. ಬೆಟ್ಟಗಳ ಸಾಲು ಮಲಗಿದ ಆಕೃತಿಯಾಗಿ ಕೂಡಿಬರುವುದು ಭೀಮರಾಯನಗುಡಿ ಕಡೆಯ ದಾರಿಯಿಂದ, ಸರಿಯಾದ ಕೋನದಲ್ಲಿ ನಿಂತರೆ ಮಾತ್ರ. ಮುಂದೆ ಹೋದರೆ ಬೆಟ್ಟ ಬರೀ ಬೆಟ್ಟ. ಅಲ್ಲಿ ಕಾಂಕ್ರೀಟಿನ ಮಂಟಪ ಬೇಡ. ಬೇವಿನ ನೆರಳಿಗೊಂದು ಉದ್ದನೆಯ ಕಲ್ಲುಕಟ್ಟೆ ಹಾಕಿ, ಅದರ ಮುಖ ರಸ್ತೆಗಲ್ಲದೆ ಬೆಟ್ಟಕ್ಕಿರಲಿ. ಎದುರಿಗೆ ಜಾಹೀರಾತು ಫಲಕ ಏಳದಂತೆ ನೋಡಿಕೊಂಡರೆ ಉಳಿದದ್ದನ್ನು ಬೆಟ್ಟವೇ ಮಾಡುತ್ತದೆ.