ಕವಿಯನ್ನು ಹೆಸರಿಸುವ ಅಧಿಕಾರ

ಕವಿಗೆ ಪಾರಿತೋಷಕ ಕೊಡುವವರು ಯಾರೆಂಬ ಪ್ರಶ್ನೆಗಿಂತಲೂ ಅದಕ್ಕಾಗಿ ಕವಿಯ ಹೆಸರನ್ನು ಸೂಚಿಸುವವರು ಯಾರೆಂಬ ಪ್ರಶ್ನೆ ಹೆಚ್ಚು ಮೂಲಭೂತವಾದುದು. ತೀರ್ಪುಗಾರರು ಎಷ್ಟೇ ನಿಷ್ಪಕ್ಷಪಾತಿಗಳಾಗಿರಲಿ, ಹೆಸರೇ ಮುಂದೆ ಬಾರದ ಕವಿಯನ್ನು ಅವರು ಪರಿಗಣಿಸುವಂತಿಲ್ಲ. ಈಚಿನ ದಿನಗಳಲ್ಲಿ ಸಾಮಾನ್ಯ ವಾಚಕರೇ ತಮಗೆ ಮೆಚ್ಚಿಕೆಯಾದ ಕವಿಗಳನ್ನು ಹೆಸರಿಸುವ, ಮತ ನೀಡುವ ಪದ್ಧತಿ ಅಲ್ಲಲ್ಲಿ ರೂಢಿಗೆ ಬಂದಿದೆ. ಇದರಿಂದ ಕಾವ್ಯಕ್ಕೆ ಹಿತವೋ ಅಹಿತವೋ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ನೊಬೆಲ್ ಸಾಹಿತ್ಯ ಪಾರಿತೋಷಕದ ಇತಿಹಾಸವನ್ನೇ ನೋಡೋಣ. ಅಲ್ಲಿ ಹೆಸರು ಸೂಚಿಸುವ ಹಕ್ಕು ಅಕಾಡೆಮಿಗಳ ಸದಸ್ಯರಿಗೆ, ಸಾಹಿತ್ಯ ಹಾಗೂ ಭಾಷಾಶಾಸ್ತ್ರದ ಪ್ರಾಧ್ಯಾಪಕರಿಗೆ, ಹಿಂದೆ ಆ ಗೌರವವನ್ನು ಪಡೆದವರಿಗೆ ಮತ್ತು ಲೇಖಕರ ಸಂಘಗಳ ಅಧ್ಯಕ್ಷರಿಗೆ ಮಾತ್ರ ಉಂಟು. ಸೂಚಿತರ ಪಟ್ಟಿಯನ್ನು 50 ವರ್ಷಗಳ ಕಾಲ ಗುಪ್ತವಾಗಿಡುತ್ತಾರೆ. ಮೊದಲ ಪಾರಿತೋಷಕ 1901ರಲ್ಲಿ ಫ್ರೆಂಚ್ ಕವಿ ಸುಲ್ಲಿ ಪ್ರುಧೋಮ್ ಅವರಿಗೆ ಸಂದಿತು. ಟಾಲ್‌ಸ್ಟಾಯ್ ಅವರನ್ನು ಬಿಟ್ಟರೆಂದು ಸ್ವೀಡನ್ನಿನ 42 ಮಂದಿ ಲೇಖಕರೂ ಕಲಾವಿದರೂ ಕೂಡಿ ಆ ಮಹನೀಯರಿಗೆ ಗೌರವಪತ್ರವೊಂದನ್ನು ಕಳುಹಿಸಿದರು. ವಸ್ತುಸ್ಥಿತಿಯೇನೆಂದರೆ, ಆ ವರ್ಷ ಟಾಲ್‌ಸ್ಟಾಯ್ ಅವರ ಹೆಸರನ್ನು ಯಾರೂ ಸೂಚಿಸಿಯೇ ಇರಲಿಲ್ಲ! ಲೋಕವೆಲ್ಲ ಬಲ್ಲ ಹೆಸರು ಬಾಗಿಲ ಹೊರಗೇ ಉಳಿಯಿತು.

ಇದಕ್ಕೆ ಪ್ರತಿಯಾದ ನಿದರ್ಶನ 1913ರದು. ರವೀಂದ್ರನಾಥ ಠಾಕೂರರ ಹೆಸರನ್ನು ಸೂಚಿಸಿದವರು ಇಂಗ್ಲಿಷ್ ಕವಿ ಥಾಮಸ್ ಸ್ಟರ್ಜ್ ಮೂರ್ ಒಬ್ಬರೇ. ಅವರು ಸೇರಿದ್ದ ರಾಯಲ್ ಸೊಸೈಟಿ ಆಫ್ ಲಿಟರೇಚರ್ ಸಂಸ್ಥೆಯ ಇತರ ಅನೇಕ ಸದಸ್ಯರು ಥಾಮಸ್ ಹಾರ್ಡಿಯವರ ಪರವಾಗಿದ್ದರು. ಮೂರ್ ಬರೆದ ಪತ್ರವಾದರೋ ಒಂದೇ ವಾಕ್ಯದ್ದು. ಆದರೆ ಆ ಒಂದು ವಾಕ್ಯದಿಂದ ಬಾಗಿಲು ತೆರೆಯಿತು. ಪರ್ ಹಾಲ್‌ಸ್ಟ್ರೋಮ್ ಕವನಗಳನ್ನು ಓದಿ ವಿವರವಾದ ಅಭಿಪ್ರಾಯವನ್ನು ಬರೆದರು. ಕವಿ ಹೈಡೆನ್‌ಸ್ಟಾಮ್ ಹೃತ್ಪೂರ್ವಕವಾಗಿ ಸಮರ್ಥಿಸಿದರು. ಸಮಿತಿಯ ಒಲವು ಬೇರೆಡೆಗೆ ಇದ್ದರೂ ಅಕಾಡೆಮಿ ಠಾಕೂರರನ್ನೇ ಆರಿಸಿತು. ತಲೆಗಳನ್ನು ಎಣಿಸಿದ್ದರೆ ಈ ಆಯ್ಕೆ ಎಂದಿಗೂ ಸಾಧ್ಯವಾಗುತ್ತಿರಲಿಲ್ಲ.

ಇನ್ನು 2018ರ ಪ್ರಸಂಗ. ಒಳಜಗಳ ಹಾಗೂ ಅಪವಾದಗಳಿಂದ ಸ್ವೀಡಿಷ್ ಅಕಾಡೆಮಿ ಆ ವರ್ಷದ ಪಾರಿತೋಷಕವನ್ನು ತಡೆಹಿಡಿದಾಗ, ಅಲ್ಲಿಯ ಸಾಂಸ್ಕೃತಿಕ ಪ್ರಮುಖರು 'ನೂತನ ಅಕಾಡೆಮಿ'ಯೊಂದನ್ನು ಸ್ಥಾಪಿಸಿದರು. ಸ್ವೀಡನ್ನಿನ ಗ್ರಂಥಪಾಲಕರು ಹೆಸರುಗಳನ್ನು ಸೂಚಿಸಿದರು. ವಾಚಕರು ಮತ ನೀಡಿದರು. ಉಳಿದ ಕೆಲವರಲ್ಲಿ ಒಬ್ಬರನ್ನು ತೀರ್ಪುಗಾರರು ಆರಿಸಿದರು. ಗ್ವಾಡಲೂಪ್ ದ್ವೀಪದ ಕಾದಂಬರಿಗಾರ್ತಿ ಮರೀಸ್ ಕೊಂಡೆ ಆ ಗೌರವಕ್ಕೆ ಪಾತ್ರರಾದರು. ಜನರ ಕೈಗೆ ಕೊಟ್ಟರೆ ಸಾಹಿತ್ಯ ಕೆಟ್ಟುಹೋಗುತ್ತದೆಂಬ ಭೀತಿಗೆ ಇದೊಂದು ಸಮಾಧಾನ. ಆದರೂ ಕಡೆಯ ನಿರ್ಣಯವನ್ನು ಮತಗಳಿಗೆ ಬಿಡಲಿಲ್ಲವೆಂಬುದನ್ನು ಮರೆಯಲಾಗದು.

ನಮ್ಮ ಆಲಂಕಾರಿಕರು ಈ ಸಮಸ್ಯೆಯ ಬೇರನ್ನು ಬಹು ಹಿಂದೆಯೇ ಕಂಡಿದ್ದರು. 'ಕಾವ್ಯಮೀಮಾಂಸೆ'ಯಲ್ಲಿ ರಾಜಶೇಖರನು ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ವಿಭಾಗಿಸುತ್ತಾನೆ. ಮೊದಲನೆಯದು ಕವಿಯದು, ಎರಡನೆಯದು ಸಹೃದಯನದು. ಭಾವಕರಲ್ಲಿಯೂ ನಾಲ್ಕು ಬಗೆ: ಯಾವುದೂ ರುಚಿಸದ ಅರೋಚಕಿ, ಹುಲ್ಲನ್ನೂ ಅನ್ನದೊಡನೆ ನುಂಗುವ ಸತೃಣಾಭ್ಯವಹಾರಿ, ಪರರ ಗುಣವನ್ನು ಸಹಿಸದ ಮತ್ಸರಿ, ಕಾವ್ಯತತ್ತ್ವದಲ್ಲಿಯೇ ನೆಟ್ಟ ಮನಸ್ಸಿನ ತತ್ತ್ವಾಭಿನಿವೇಶಿ. ಕೊನೆಯವನು ಸಾವಿರದಲ್ಲಿ ಒಬ್ಬ. ಮತಪೆಟ್ಟಿಗೆಗೆ ಈ ನಾಲ್ವರಲ್ಲಿ ಭೇದವಿಲ್ಲ; ಅದರ ದೋಷ ಇದೇ. ಆದರೆ ಆ ಸಾವಿರದಲ್ಲಿ ಒಬ್ಬನು ಪ್ರಾಧ್ಯಾಪಕನೇ ಆಗಿರಬೇಕೆಂದು ರಾಜಶೇಖರನೇನೂ ವಿಧಿಸಿಲ್ಲ. ಅವನು ಹಳ್ಳಿಯ ಶಾಲೆಯ ಉಪಾಧ್ಯಾಯನಾಗಿರಬಹುದು, ಮನೆವಾರ್ತೆಯ ನಡುವೆ ಓದುವ ಗೃಹಿಣಿಯಾಗಿರಬಹುದು. ಅಂಥವರಿಗೆ ಬಾಗಿಲು ಮುಚ್ಚುವುದೂ ಅನ್ಯಾಯವೇ.

ಆದುದರಿಂದ ಸೂಚನೆಯ ದ್ವಾರ ವಿಶಾಲವಾಗಿರಲಿ, ಪರಿಶೀಲನೆ ಸೂಕ್ಷ್ಮವಾಗಿರಲಿ ಎಂಬುದೇ ಯುಕ್ತವಾದ ಮಾರ್ಗ. ಸೂಚನೆಗಳನ್ನು ಎಣಿಸಬಾರದು, ಓದಬೇಕು. ಮತಸಂಖ್ಯೆಯೇ ಪ್ರಮಾಣವಾದರೆ ಗೆಲ್ಲುವುದು ದೊಡ್ಡ ಭಾಷೆ, ದೊಡ್ಡ ಪ್ರಕಾಶಕ, ದೊಡ್ಡ ಹೆಸರು. ಅನುವಾದದ ಭಾಗ್ಯವಿಲ್ಲದ ಭಾಷೆಗಳ ಕವಿಗಳು, ಅವರಲ್ಲಿ ಕನ್ನಡದ ಕವಿಗಳೂ ಸೇರಿದಂತೆ, ಲೋಕದ ಪಂಕ್ತಿಯಲ್ಲಿ ಎಂದಿಗೂ ಕುಳಿತುಕೊಳ್ಳಲಾರರು.

ಹಕ್ಕಿನೊಡನೆ ಹೊಣೆಯೂ ಬರುತ್ತದೆ. ಕವಿಯ ಹೆಸರನ್ನು ಬರೆಯುವ ವಾಚಕನು ಯಾವ ಕವನ ತನ್ನನ್ನು ಕಲಕಿತು, ಅದರ ಯಾವ ಗುಣ ಮತ್ತೆ ಮತ್ತೆ ಓದಿಸಿತು ಎಂಬುದನ್ನು ಎರಡು ಮಾತುಗಳಲ್ಲಾದರೂ ತಿಳಿಸಲಿ. ನಮ್ಮೂರಿನವನು, ನಮ್ಮ ಬಳಗದವನು ಎಂಬ ಕಾರಣ ಕಾರಣವಲ್ಲ. ಹಾಗೆ ಬರೆಯಲು ಕುಳಿತವನು ಕವನವನ್ನು ಮತ್ತೊಮ್ಮೆ ಓದಲೇಬೇಕಾಗುತ್ತದೆ. ಆ ಮರು ಓದಿನಲ್ಲಿ ಹೆಸರು ಉಳಿದರೆ ಕವಿ ಗೆದ್ದನು, ಉಳಿಯದಿದ್ದರೆ ವಾಚಕನು ಬೆಳೆದನು. ಪಾರಿತೋಷಕ ಯಾರಿಗೇ ಸಲ್ಲಲಿ, ಕಾವ್ಯಕ್ಕೆ ಇದರಿಂದ ನಷ್ಟವಿಲ್ಲ.